ನಿಲ್ಲಬಲ್ಲ ಮಗ್ಗದ ಒಡತಿ

ಗೆಲ್ಲಬೇಕಾದುದೆಲ್ಲವನ್ನೂ ಗೆದ್ದು, ಆಮೇಲೆ ಗೆಲುವನ್ನೂ ಬಿಟ್ಟು ನಿಂತ ಜಿನರಿಗೆ ಮೊದಲ ವಂದನೆ. ಮರಳಿನ ಮೇಲೆ ಬೆರಳು ಹಿಡಿದು ಅಕ್ಷರ ತಿದ್ದಿಸಿದ ಗುರುಗಳಿಗೆ, ತಮ್ಮ ಹಸಿವನ್ನು ಹೇಳದೆ ನನ್ನನ್ನು ಓದಿಸಿದ ತಾಯಿತಂದೆಗಳಿಗೆ, ನನ್ನ ಅನ್ನದ ಋಣವೆಲ್ಲ ಯಾವ ಮಣ್ಣಿನಲ್ಲಿದೆಯೋ ಆ ದೂಧಗಂಗೆಯ ದಂಡೆಯ ಕರಿಮಣ್ಣಿಗೆ ವಂದನೆ. ಇವರೆಲ್ಲರ ಸಾಲಿನಲ್ಲಿಯೇ, ಒಂದು ಮೆಟ್ಟಿಲೂ ಕೆಳಗಿಳಿಸದೆ, ಬೋರಗಾಂವದ ಒಬ್ಬ ಹೆಣ್ಣುಮಗಳಿಗೆ ವಂದನೆ. ನಲವತ್ತು ವರ್ಷ ನಾನು ಪಾಠ ಹೇಳಿದ ಒಂದು ಮಾತಿನ ಅರ್ಥವನ್ನು ಆಕೆ ಒಂದು ಮುಂಜಾನೆ ನನಗೇ ತಿಳಿಸಿಕೊಟ್ಟರು. ಆ ಉಪಕಾರವನ್ನು ನೆನೆಯದೆ ಮುಂದಿನ ಸಾಲು ಬರೆಯಲು ನನ್ನ ಕೈ ಒಪ್ಪುವುದಿಲ್ಲ.

ಅವರು ತೀರಿಕೊಂಡ ಮೂರನೆಯ ದಿನ ಬೋರಗಾಂವದ ಬಸದಿಯ ಅಂಗಳದಲ್ಲಿ ಶೋಕಸಭೆ ನಡೆಯಿತು. ಐವರು ಮಾತನಾಡಿದರು. ಅವರ ಉಪವಾಸಗಳನ್ನು ಹೊಗಳಿದರು, ಮುನಿಗಳಿಗೆ ನೀಡಿದ ಆಹಾರದಾನವನ್ನು ಹೊಗಳಿದರು, ಗಂಡ ಹೋದ ಮೇಲೆ ಒಬ್ಬರೇ ನಾಲ್ಕು ವಿದ್ಯುತ್ ಮಗ್ಗಗಳನ್ನು ನಡೆಸಿದ ಧೈರ್ಯವನ್ನು ಹೊಗಳಿದರು. ಹತ್ತಾರು ವರ್ಷ ಅವರು ಷೇರು ಬಾಜಾರಿನಲ್ಲಿ ವ್ಯವಹರಿಸಿದರೆಂಬ ಮಾತು ಮಾತ್ರ ಒಬ್ಬರ ಬಾಯಿಂದಲೂ ಬರಲಿಲ್ಲ. ಸತ್ತವರ ಸೀರೆಯ ಹರಕನ್ನು ಮಡಿಕೆಯೊಳಗೆ ಮುಚ್ಚುವಂತೆ ಅದನ್ನು ಮುಚ್ಚಿದರು. ನಾನು ಬಲ್ಲಂತೆ ಅದು ಆ ಸೀರೆಯ ಜರಿಯಂಚು. ನನಗೆ ಎಂಬತ್ತು ದಾಟಿದೆ, ಯಾರ ಮುಲಾಜೂ ಉಳಿದಿಲ್ಲ. ಆದ್ದರಿಂದ ಮುಚ್ಚಿಟ್ಟದ್ದನ್ನೇ ಬರೆಯುತ್ತೇನೆ. ಹೆಸರನ್ನು ಬರೆಯುವುದಿಲ್ಲ. ಹೆಸರು ಹಿಡಿದು ಹೊಗಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟಿಗೆ ನಾನು ಇಂದಿಗೂ ಹೆದರುತ್ತೇನೆ.

ನಿಪ್ಪಾಣಿಯಲ್ಲಿ ಸಂಸ್ಕೃತದ ಮಾಸ್ತರನಾಗಿ ನಿವೃತ್ತನಾದ ಮೇಲೆ ನಮ್ಮ ಮನೆಯ ಮುಂಗೋಣೆಯನ್ನು ಷೇರು ದಲ್ಲಾಳಿಯೊಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದೆ. ಒಂದು ಕಂಪ್ಯೂಟರು, ಐದು ಕುರ್ಚಿ, ಗೋಡೆಗೊಂದು ಗಡಿಯಾರ, ಇಷ್ಟೇ ಆ ಕಚೇರಿ. ಕಂಪ್ಯೂಟರಿನ ಮುಂದೆ ಕೂಡುವವರು ಹಿಂದೆ ತಂಬಾಕಿನ ಅಡತಿ ಅಂಗಡಿಯಲ್ಲಿ ಚೀಟಿ ಬರೆಯುತ್ತಿದ್ದವರು. ನನ್ನಷ್ಟಲ್ಲದಿದ್ದರೂ ವಯಸ್ಸಾದವರೇ, ಎಲ್ಲರೂ ಅವರನ್ನು ಮಾಮಾ ಎನ್ನುತ್ತಿದ್ದರು. ನಾನು ಪೂಜೆ ಮುಗಿಸಿ ಕಟ್ಟೆಯ ಮೇಲೆ ಜಪಸರ ಹಿಡಿದು ಕೂಡುತ್ತಿದ್ದೆ. ಬೆರಳು ಮಣಿಗಳ ಮೇಲೆ, ಕಿವಿ ಒಳಗಿನ ಮಾತಿನ ಮೇಲೆ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಈ ಶತಮಾನದ ಮೊದಲ ದಶಕ ಅರ್ಧ ಕಳೆದಿತ್ತು. ಒಂದು ಮುಂಜಾನೆ ಬೋರಗಾಂವದ ಬಸ್ಸಿನಿಂದಿಳಿದು ಅವರು ನೇರ ನಮ್ಮ ಮೆಟ್ಟಿಲು ಹತ್ತಿ ಬಂದರು. ಐವತ್ತರ ಹತ್ತಿರದ ವಯಸ್ಸು, ಒಗೆದು ಒಗೆದು ಬಣ್ಣ ಬಿಟ್ಟ ಸೀರೆ, ಮುಂಗೂದಲಿನಲ್ಲಿ ಹತ್ತಿಯ ನಯವಾದ ಎಳೆಗಳು. ಪ್ರತಿ ರವಿವಾರ ಬೋರಗಾಂವದ ಬಸದಿಯಲ್ಲಿ ನಾನು ನಡೆಸುತ್ತಿದ್ದ ಶಾಸ್ತ್ರವಾಚನಕ್ಕೆ ಬಂದು ಕಂಬಕ್ಕೊರಗಿ ಕೂಡುತ್ತಿದ್ದವರು ಇವರೇ ಎಂದು ಗುರುತಿಸಿದೆ. ಒಳಗಿದ್ದ ಗಂಡಸರು ಕುರ್ಚಿ ಬಿಡಲಿಲ್ಲ. ಅವರು ನಿಂತೇ ಮಾಮಾನನ್ನು ಕೇಳಿದರು:

"ಒಳಗ ಹೋಗೂದ ಆಮ್ಯಾಲ ಹೇಳ್ರಿ. ಹೊರಗ ಬರೂದ ಹೆಂಗ, ಅದನ್ನ ಮೊದಲ ತೋರಸ್ರಿ."

ಒಬ್ಬರು ನಕ್ಕು, ಕಾಕೂ ಮದುವಿಗೆ ಬಂದ ಗಳಿಗೀಗೇ ಚಪ್ಪಲಿ ಹುಡುಕಾಕತ್ತಾಳ ಎಂದರು. ಕಾಕೂ ತಿರುಗಿಯೂ ನೋಡಲಿಲ್ಲ. ಚಿಕ್ಕಮ್ಮ ಎಂಬರ್ಥದ ಆ ಹೆಸರು ಅಂದಿನಿಂದ ಕಚೇರಿಯಲ್ಲಿ ಉಳಿಯಿತು.

ಅವರ ಪ್ರಶ್ನೆಗೆ ಕಾರಣವಿತ್ತು. ಗಂಡ ಬದುಕಿದ್ದಾಗ ಮನೆಯಲ್ಲಿ ಆರು ಮಗ್ಗಗಳಿದ್ದವು. ಆತ ಒಂದು ಕಂಪನಿಯ ಷೇರು ಕೊಂಡರು, ಅದು ಇಳಿಯಿತು. ಇಳಿದಷ್ಟೂ ಅಗ್ಗವಾಯಿತೆಂದು ಮತ್ತಷ್ಟು ಕೊಂಡರು. ಎರಡು ಮಗ್ಗಗಳು ಮೋಡಿಗೆ, ಎಂದರೆ ಹಳೆಯ ಕಬ್ಬಿಣದ ಬೆಲೆಗೆ ಹೋದವು. ಮುಂದೊಂದು ವರ್ಷದಲ್ಲಿ ಆತನೂ ಎದೆ ಹಿಡಿದುಕೊಂಡು ಹೋದರು. ಪಕ್ಕದ ಶೆಡ್ಡಿನಲ್ಲಿ ಹನ್ನೆರಡು ಮಗ್ಗ ನಡೆಸುತ್ತಿದ್ದ ಭಾವನವರು, ಉಳಿದ ನಾಲ್ಕನ್ನೂ ನಮ್ಮಲ್ಲಿ ಸೇರಿಸಿಬಿಡು, ತಿಂಗಳಿಗಿಷ್ಟೆಂದು ಕೊಡುತ್ತೇನೆ, ಮನೆಯೊಳಗೆ ಕೂಡು ಎಂದರು. ಕೆಟ್ಟ ಮನಸ್ಸಿನವರಲ್ಲ, ಆದರೆ ಹೆಂಗಸಿನ ಕೈಯಲ್ಲಿ ಮಗ್ಗ ಉಳಿಯುವುದೆಂಬ ನಂಬಿಕೆ ಅವರಿಗಿರಲಿಲ್ಲ. ಅದರ ಮೇಲೆ ತಮ್ಮನ ಹೆಂಡತಿ, ತಮ್ಮನನ್ನು ನುಂಗಿದ ಬಾಜಾರಿಗೇ ಹೋಗುತ್ತೇನೆನ್ನುತ್ತಿದ್ದಳು. ಯಾಕೆಂದು ಕೇಳಿದ್ದಕ್ಕೆ ಕಾಕೂ ಹೇಳಿದರಂತೆ: "ಅವ್ರು ಎಲ್ಲಿ ಬಿದ್ದಾರ, ಅಲ್ಲೇ ನಿಂತ ತೋರಸ್ತೇನಿ. ಬ್ಯಾರೆ ಕಡೆ ನಿಂತ್ರ ಅದು ನಿಂತಂಗಲ್ಲ."

ಜಗಳ ನನ್ನ ಮುಂದೆ ಬಂತು. ಒಂದು ರವಿವಾರ ಶಾಸ್ತ್ರವಾಚನ ಮುಗಿದ ಮೇಲೆ, ಬಸದಿಯ ಜಗಲಿಯ ಮೇಲೆ, ನನ್ನನ್ನು ಸಾಕ್ಷಿಯಾಗಿರಿಸಿಕೊಂಡು ಅವರು ಒಂದು ನಿಯಮ ತೆಗೆದುಕೊಂಡರು. ನಮ್ಮಲ್ಲಿ ನಿಯಮ ಹಿಡಿಯುವುದು ಹೊಸದಲ್ಲ. ಒಬ್ಬರು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲವೆನ್ನುತ್ತಾರೆ, ಒಬ್ಬರು ಇಷ್ಟು ಎಕರೆಗಿಂತ ಹೆಚ್ಚು ಹೊಲ ಇಟ್ಟುಕೊಳ್ಳುವುದಿಲ್ಲವೆನ್ನುತ್ತಾರೆ. ಇವರ ನಿಯಮ ಇಷ್ಟೇ: ಹೊರಬರುವ ಬಾಗಿಲನ್ನು ಬರೆಸದೆ ಯಾವ ವ್ಯವಹಾರದೊಳಗೂ ಹೋಗುವುದಿಲ್ಲ, ಬರೆಸಿದ ಬಾಗಿಲನ್ನು ಕೆಳಗೆ ಸರಿಸುವುದಿಲ್ಲ, ತೆಗೆಸುವುದೂ ಇಲ್ಲ, ಇದು ಮುರಿದ ದಿನ ನಾಲ್ಕೂ ಮಗ್ಗ ಭಾವನವರವು. ಭಾವನವರು ಒಪ್ಪಿದರು. ತಮ್ಮನನ್ನು ಕಂಡಿದ್ದರಲ್ಲ, ಆರು ತಿಂಗಳು ಎಂದು ಮನಸ್ಸಿನಲ್ಲೇ ಎಣಿಸಿದ್ದರು.

ಬಾಗಿಲು ಎಂಬುದು ಅವರದೇ ಮಾತು. ಬಾಜಾರಿನವರು ಅದನ್ನು ಸ್ಟಾಪ್ ಲಾಸ್ ಎನ್ನುತ್ತಾರೆ. ಕೊಂಡದ್ದರ ಬೆಲೆ ಇಷ್ಟಕ್ಕೆ ಇಳಿದರೆ ನನ್ನನ್ನು ಕೇಳದೆ ತಾನಾಗಿಯೇ ಮಾರಿಬಿಡು ಎಂದು ಮೊದಲೇ ಬರೆಸಿಡುವ ಆಜ್ಞೆ ಅದು. ಆ ಕಾಲದಲ್ಲಿ ಅದರ ಆಯುಷ್ಯ ಒಂದೇ ದಿನ. ಬಾಜಾರು ಮುಚ್ಚಿದೊಡನೆ ಅದೂ ತೀರಿಹೋಗುತ್ತಿತ್ತು. ಮರುದಿನ ಮತ್ತೆ ಬರೆಸಬೇಕು. ಅದಕ್ಕಾಗಿಯೇ ಅವರು ದಿನವೂ ಬಸ್ಸು ಹತ್ತಿ ಬರುತ್ತಿದ್ದರು. ಬಸದಿಯಲ್ಲಿ ದಿನದಿನದ ನಿಯಮ ಹೇಳಿಕೊಳ್ಳುವ ಹಾಗೆ ಮಾಮಾನ ಮುಂದೆ ನಿಂತು ಬೆಲೆ ಹೇಳಿ, ಪರದೆಯ ಮೇಲೆ ಮೂಡಿದ್ದನ್ನು ಕಣ್ಣಾರೆ ಕಂಡು, ಊರಿಗೆ ಮರಳುತ್ತಿದ್ದರು. ಉಳಿದವರು ಬಾಜಾರು ಮುಚ್ಚುವವರೆಗೆ ಪರದೆಯನ್ನು ನೋಡುತ್ತ ಕೂಡುವರು. ಇವರಿಗೆ ಕೂಡಲು ಹೊತ್ತಿರಲಿಲ್ಲ. ಬೋರಗಾಂವದಲ್ಲಿ ಕರೆಂಟು ಹೋದರೂ ತಮ್ಮ ಬಾಗಿಲು ಮುಂಬಯಿಯ ಯಂತ್ರದಲ್ಲಿ ಎಚ್ಚರವಾಗಿರುತ್ತದೆ ಎಂಬುದೇ ಅವರಿಗೆ ಆ ವಿದ್ಯೆಯಲ್ಲಿ ಮೆಚ್ಚುಗೆಯಾದ ಸಂಗತಿ.

ಕಲಿಯುವುದರಲ್ಲಿ ಅವರು ನನ್ನ ಯಾವ ಶಿಷ್ಯನಿಗೂ ಕಡಿಮೆಯಿರಲಿಲ್ಲ. ಆ ಆಜ್ಞೆಯಲ್ಲಿ ಎರಡು ಬೆಲೆ ಬರೆಯಬೇಕು: ಯಾವ ಬೆಲೆಗೆ ಅದು ಎಚ್ಚರಗೊಳ್ಳಬೇಕು, ಎಚ್ಚರಗೊಂಡ ಮೇಲೆ ಯಾವ ಬೆಲೆಯವರೆಗೆ ಮಾರಬಹುದು. ಮೊದಲ ತಿಂಗಳು ಎರಡನ್ನೂ ಒಂದೇ ಬರೆಸಿದರು. ಒಂದು ದಿನ ಬೆಲೆ ಒಮ್ಮೆಗೇ ಆ ಅಂಕೆಯನ್ನು ಹಾರಿ ಕೆಳಗೆ ಬಿತ್ತು. ಆಜ್ಞೆ ಎಚ್ಚರವಾಯಿತು, ಕೊಳ್ಳುವವರಿಲ್ಲದೆ ಹಾಗೆಯೇ ನಿಂತಿತು. ನಷ್ಟವನ್ನು ನುಂಗಿಕೊಂಡು ಅವರು ಹೇಳಿದ್ದಿಷ್ಟು: ಬಾಗಿಲು ಇಟ್ಟರೆ ಸಾಲದು, ಹೆಗಲು ಹೊರಳುವಷ್ಟು ಅಗಲ ಇಡಬೇಕು. ಅಂದಿನಿಂದ ಎರಡು ಬೆಲೆಗಳ ನಡುವೆ ಯಾವಾಗಲೂ ಜಾಗ ಬಿಟ್ಟರು. ಬೆಲೆ ಏರಿದಾಗ ಬಾಗಿಲನ್ನೂ ಮೇಲೆ ಸರಿಸುವರು. ಕೆಳಗೆ ಎಂದಿಗೂ ಇಲ್ಲ. ಮಗ್ಗದಲ್ಲಿ ನೆಯ್ದ ಬಟ್ಟೆ ಸುತ್ತಿಕೊಳ್ಳುವ ಉರುಳೆಗೆ ಒಂದು ಹಲ್ಲುಚಕ್ರವಿರುತ್ತದೆ. ಅದು ಮುಂದೆ ಸರಿದೀತು, ಹಿಂದೆ ಸರಿಯದು. ಅದನ್ನು ಬಲ್ಲ ಬೆರಳಿಗೆ ಈ ಪಾಠವನ್ನು ಯಾರೂ ಹೇಳಬೇಕಾಗಿರಲಿಲ್ಲ.

ಆ ಬೆರಳುಗಳನ್ನು ಮರೆಯಲಾರೆ. ಏನನ್ನಾದರೂ ಯೋಚಿಸುವಾಗ ಹೆಬ್ಬೆರಳನ್ನು ತೋರುಬೆರಳಿಗೆ ತಿಕ್ಕುವರು, ಕಾಣದ ಎಳೆಯೊಂದರ ಬಿಗುವನ್ನು ನೋಡುವಂತೆ. ಪೆನ್ನಿನ ಕುತ್ತಿಗೆಗೆ ಯಾವಾಗಲೂ ಬಿಳಿ ನೂಲು ಸುತ್ತಿರುತ್ತಿತ್ತು.

ಒಮ್ಮೆ ನಾನು ನನ್ನ ಪಾಂಡಿತ್ಯವನ್ನು ತೋರಿಸಹೋಗಿ, ಚಕ್ರವ್ಯೂಹವನ್ನು ಹೊಕ್ಕು ಹೊರಬರಲರಿಯದ ಅಭಿಮನ್ಯುವಿನ ಕಥೆಯನ್ನು ಸವಿಸ್ತಾರವಾಗಿ ಹೇಳಿದೆ. ಅವರು ಕೈಮುಗಿದು ಪೂರ್ತಿ ಕೇಳಿ, "ಅಂವಗ ಹೊಟ್ಟ್ಯಾಗಿದ್ದಾಗ ಕಲಸಿದ್ರು, ಅವ್ವಗ ನಿದ್ದಿ ಹತ್ತಿತು. ನಾ ಎಚ್ಚರಿದ್ದೇನ್ರಿ ಗುರುಗಳ" ಎಂದು ಬಸ್ಸಿಗೆ ಹೊರಟರು.

ಬಾಗಿಲಿನ ದೊಡ್ಡ ಕಷ್ಟ ಬೇರೆಯೇ ಇದೆ. ಬೆಲೆ ಬಾಗಿಲನ್ನು ಮುಟ್ಟಿ, ನಮ್ಮನ್ನು ಹೊರಗೆ ಹಾಕಿ, ಆ ಗಳಿಗೆಯಲ್ಲೇ ತಿರುಗಿ ಮೇಲೇರಿಬಿಡುತ್ತದೆ. ಅಂಥ ದಿನಗಳಲ್ಲಿ ಕಚೇರಿಯ ಗಂಡಸರಿಗೆ ಹಬ್ಬ. ಕಾಕೂ ತಾಳಿದ್ದರೆ ಗಳಿಸುತ್ತಿದ್ದಳೆಂದು ಒಬ್ಬರು, ಬಾಗಿಲ ಕಾಯುವವಳಿಗೆ ಮನೆಯೊಳಗಿನ ಊಟ ಸಿಗುವುದಿಲ್ಲವೆಂದು ಮತ್ತೊಬ್ಬರು. ಹಾಗೆಯೇ ಒಂದು ಮಳೆಗಾಲ ಮೂರು ದಿನ ಸಾಲಾಗಿ ನಡೆದಾಗ ಅವರು ತಮ್ಮ ತವರಿನ ಮಾತು ಹೇಳಿದರು. ತವರು ಕೃಷ್ಣೆಯ ದಂಡೆಯ ದಿಗ್ಗೇವಾಡಿ. ಹೊಲದ ಅಂಚಿನಲ್ಲಿ ತಂದೆ ಒಂದು ಕಲ್ಲು ನೆಟ್ಟಿದ್ದರು. ನೀರು ಆ ಕಲ್ಲಿಗೆ ಬಂದರೆ ದನ ಬಿಚ್ಚಿ ದಿನ್ನೆಗೆ ಹೊಡೆಯಬೇಕು. ಎಷ್ಟೋ ಸಲ ನೀರು ಕಲ್ಲನ್ನು ಮುಟ್ಟಿ ಹಿಂದೆ ಸರಿಯಿತು. ದನ ಹೊಡೆದುಕೊಂಡು ಹೋದವನನ್ನು ನೋಡಿ ಊರು ನಕ್ಕಿತು.

"ನಕ್ಕ್ರು ಖರೆ. ಅಪ್ಪ ನಕ್ಕಾವ್ರ ಜೋಡಿ ತಾನೂ ನಕ್ಕ. ಆದ್ರ ಕಲ್ಲ ಸರಸಲಿಲ್ಲ" ಎಂದು ಅವರು ಆ ದಿನದ ಬಾಗಿಲನ್ನು ಬರೆಸಿದರು. ಆಮೇಲೆ ಕಲ್ಲು ಮುಳುಗಿದ ವರ್ಷ ಏನಾಯಿತೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ಮಗ್ಗದ ಒಂದು ಸಂಗತಿ ಹೇಳದೆ ನನ್ನ ತಪ್ಪನ್ನು ಹೇಳಲಾಗದು. ವಿದ್ಯುತ್ ಮಗ್ಗದಲ್ಲಿ ಲಾಳಿ ಓಡುವ ದಾರಿಯ ಪಕ್ಕದಲ್ಲಿ ಬಾಚಣಿಗೆಯ ಹಲ್ಲಿನಂಥ ಸಣ್ಣದೊಂದು ಕಬ್ಬಿಣದ ಕವಲು ಇದೆ. ನೇಕಾರರು ಫೋರ್ಕು ಎನ್ನುತ್ತಾರೆ. ಅಡ್ಡನೂಲು ಇದ್ದರೆ ಅದು ಫೋರ್ಕನ್ನು ಎತ್ತಿ ಹಿಡಿಯುತ್ತದೆ. ನೂಲು ಕಡಿದರೆ ಫೋರ್ಕು ಬೀಳುತ್ತದೆ, ಮಗ್ಗ ತಾನಾಗಿಯೇ ನಿಲ್ಲುತ್ತದೆ. ಬಟ್ಟೆ ಉಳಿಯುವುದು ಅದರಿಂದ. ಆದರೆ ಕೆಲಸದವರಿಗೆ ಮೀಟರಿನ ಲೆಕ್ಕದಲ್ಲಿ ಪಗಾರ. ಮಗ್ಗ ಪದೇ ಪದೇ ನಿಂತರೆ ಮೀಟರು ಕಡಿಮೆ. ಹಾಗಾಗಿ ಒಂದು ತುಂಡು ನೂಲಿನಿಂದ ಫೋರ್ಕನ್ನು ಮೇಲಕ್ಕೆತ್ತಿ ಕಟ್ಟಿಬಿಡುತ್ತಾರೆ. ಆ ಮೇಲೆ ನೂಲು ಕಡಿದರೂ ಮಗ್ಗ ನಿಲ್ಲುವುದಿಲ್ಲ. ಸುತ್ತಲಿನ ಎಷ್ಟೋ ಶೆಡ್ಡುಗಳಲ್ಲಿ ಮಾಲೀಕರು ಕಂಡೂ ಕಾಣದಂತಿರುತ್ತಾರೆ. ಕಾಕೂನ ಶೆಡ್ಡಿನಲ್ಲಿ ಮಾತ್ರ ದಿನಾ ಮುಂಜಾನೆ, ದೀಪ ಹಚ್ಚುವುದಕ್ಕೂ ಮೊದಲು, ಅವರು ನಾಲ್ಕೂ ಫೋರ್ಕುಗಳನ್ನು ಬೆರಳಿನಿಂದ ಆಡಿಸಿ ನೋಡುತ್ತಿದ್ದರು.

ನನ್ನ ತಪ್ಪು ಹೀಗೆ ನಡೆಯಿತು. ಆ ಹೊತ್ತಿಗೆ ಕೆಲವು ವರ್ಷ ಕಳೆದಿದ್ದವು, ಅವರು ಆಪ್ಶನ್‌ಗಳಿಗೂ ಕೈಯಿಕ್ಕಿದ್ದರು. ಬೆಲೆ ಏರೀತೆಂಬ ಎಣಿಕೆಗೆ ಸಣ್ಣ ಮುಂಗಡ ಕೊಟ್ಟು ಕೊಳ್ಳುವ ಹಕ್ಕು ಅದು. ಎಣಿಕೆ ತಪ್ಪಿದರೆ ಗಂಟೆಗಂಟೆಗೂ ಕರಗುವ ಬೆಣ್ಣೆ. ಆ ವಾರ ಅವರ ಬಾಗಿಲು ಎರಡು ಸಲ ತೆರೆದು ಎರಡು ಸಲವೂ ನಷ್ಟವಾಗಿತ್ತು. ಮೂರನೆಯ ದಿನ ಬಂದು, ಕೊಂಡು, ಬಾಗಿಲು ಬರೆಸಿ, ಮಗ್ಗಕ್ಕೆ ಉದ್ದನೂಲಿನ ಹೊಸ ಹಾಸು ಏರಿಸುವುದಿದೆಯೆಂದು ಹೊರಟುಹೋದರು. ಅಂದು ಭಾವನವರು ಯಾವುದೋ ಕೆಲಸಕ್ಕೆ ನಿಪ್ಪಾಣಿಗೆ ಬಂದವರು ಕಚೇರಿಯಲ್ಲಿ ಕುಳಿತಿದ್ದರು. ಇವತ್ತು ಮೂರನೇದು ನೋಡಿ ಹೋಗುತ್ತೇನೆ ಎಂದು ಚಹಾ ತರಿಸಿಕೊಂಡರು. ಬೆಲೆ ಇಳಿಯತೊಡಗಿತು. ಭಾವನವರಿಗೆ ಯಾರದೋ ಕರೆ ಬಂದು, ನಗುತ್ತಲೇ ಎದ್ದುಹೋದರು. ಉಳಿದವರು ಆಗಲೇ ಕಾಕೂನ ಮೇಲೆ ಹಾಸ್ಯ ಕಟ್ಟತೊಡಗಿದ್ದರು.

ನನಗೆ ತಡೆಯಲಾಗಲಿಲ್ಲ. ಅದು ಕರುಣೆಯೆಂದು ಆಗ ತಿಳಿದಿದ್ದೆ. ಒಳಗೆ ಹೋಗಿ ಮಾಮಾನ ಕಿವಿಯಲ್ಲಿ, ಆ ಬಾಗಿಲನ್ನು ತೆಗೆದುಬಿಡಿ, ಇವತ್ತೊಂದು ದಿನ ಆ ಜೀವ ನಗೆಗೀಡಾಗುವುದು ಬೇಡ ಎಂದೆ. ಫೋನ್ ಮಾಡಿ ಕೇಳೋಣವೇ ಎಂದು ಮಾಮಾ ಕೇಳಿದರು. ಮಗ್ಗದ ಸದ್ದಿನಲ್ಲಿ ಅವರಿಗೆ ಕೇಳಿಸದು ಎಂದೆ. ಅದು ಸುಳ್ಳಲ್ಲ, ಆದರೆ ಕೇಳಿಸಿದರೆ ಏನು ಹೇಳುವರೆಂದು ತಿಳಿದಿದ್ದುದರಿಂದಲೇ ಆಡಿದ ಮಾತು. ನಿಯಮವಿರುವುದು ಅವರಿಗೆ, ಅವರಿಗೆ ತಿಳಿಯದೆ ನಡೆದುದರಿಂದ ನಿಯಮ ಮುರಿಯುವುದೆಲ್ಲಿಯದೆಂದು ನನ್ನ ಪಾಂಡಿತ್ಯ ನನಗೆ ಸಮಾಧಾನ ಹೇಳಿತು. ಮಾಮಾ ಎರಡು ಗುಂಡಿ ಒತ್ತಿದರು. ಬೆಲೆ ಬಾಗಿಲಿದ್ದ ಜಾಗವನ್ನು ದಾಟಿ ಕೆಳಗೆ ಹೋಯಿತು, ಅಲ್ಲಿ ಸ್ವಲ್ಪ ಹೊತ್ತು ತೂಗಾಡಿತು, ಆಮೇಲೆ ಮಧ್ಯಾಹ್ನದ ಹೊತ್ತಿಗೆ ಗಾಳಿಪಟದಂತೆ ಮೇಲೇರಿತು. ಮುಚ್ಚುವ ಮುನ್ನ ಮಾಮಾ ಮಾರಿದರು. ಒಳ್ಳೆಯ ಲಾಭ. ಮರುದಿನ ಬೆಳಗ್ಗೆ ಕಾಕೂ ಬರುವಾಗ ಕೊಡಬೇಕೆಂದು ನಾನು ಪೇಢೆ ತರಿಸಿಟ್ಟೆ.

ಅವರು ಬಂದರು. ಪೇಢೆಯನ್ನು ನೋಡಿದರು, ಮಾರಾಟದ ಚೀಟಿಯನ್ನು ನೋಡಿದರು, ಹೆಬ್ಬೆರಳು ತೋರುಬೆರಳಿಗೆ ಹೋಯಿತು.

"ಮಾಮಾ, ನಿನ್ನಿ ತಳದ ಬೆಲಿ ಎಷ್ಟಕ್ಕ ಹೋಗಿತ್ತು?"

ಮಾಮಾ ಹೇಳಿದರು.

"ನನ್ನ ಬಾಗಿಲ ಅದಕಿಂತ ಮ್ಯಾಲಿತ್ತು. ನೀರ ಕಲ್ಲ ದಾಟೇತಿ. ಬಾಗಿಲಾ ಯಾಕ ತೆರೀಲಿಲ್ಲ?"

"ಲಾಭ ಬಂದೈತಲ್ಲ ಕಾಕೂ. ಮೊದಲ ಬಾಯಿ ಸಿಹಿ ಮಾಡ್ರಿ."

"ಬಾಯಿದು ಕೇಳಲಿಲ್ಲ. ತಗದಾವ್ರು ಯಾರು ಅಂತ ಕೇಳಾಕತ್ತೇನಿ."

ಮಾಮಾ ನನ್ನತ್ತ ನೋಡಿದರು. ತೆಗೆಸಿದ್ದು ನಾನು ತಾಯಿ ಎಂದೆ. ಅಷ್ಟೂ ವರ್ಷಗಳಲ್ಲಿ ಮೊದಲ ಬಾರಿಗೆ ಅವರು ಆ ಕಚೇರಿಯ ಕುರ್ಚಿಯ ಮೇಲೆ ಕುಳಿತರು. ಬಸದಿಯಲ್ಲಿ ಪ್ರಶ್ನೆ ಕೇಳುವ ಅದೇ ಮೆಲುದನಿಯಲ್ಲಿ ಅವರು ಹೇಳಿದರು:

"ಗುರುಗಳ, ನೀವಽ ಕಲಿಸೇರಿ. ಮಾಡೂದು, ಮಾಡಸೂದು, ಮಾಡಿದ್ದಕ್ಕ ಹೌದನ್ನೂದು, ಮೂರೂ ಒಂದಽ ತೂಕ ಅಂತ. ಮಾಮಾ ಮಾಡಿದ. ನೀವು ಮಾಡಿಸಿದ್ರಿ. ಈಗ ಈ ರೊಕ್ಕಾ ಮುಟ್ಟಿದ್ರ ನಾ ಹೌದಂದಂಗ. ಮೂರನೇದಾಕಿ ನಾ ಆಗೂದಿಲ್ಲ."

ಯಾರಿಗೂ ತಿಳಿಯುವುದಿಲ್ಲ, ಸುಮ್ಮನಿದ್ದರೆ ಮಗ್ಗಗಳು ಉಳಿಯುತ್ತವಲ್ಲ ಎಂದು ನಾನು ತೊದಲಿದೆ.

"ಅವು ಉಳೀಬೇಕಂತಽ ಮುಟ್ಟೂದಿಲ್ಲ ಅನ್ನಾಕತ್ತೇನ್ರಿ."

ಬಾಗಿಲು ತೆರೆದಿದ್ದರೆ ಎಷ್ಟು ಉಳಿಯುತ್ತಿತ್ತೋ ಅಷ್ಟನ್ನು, ಅಂದರೆ ನಷ್ಟ ಕಳೆದು ಉಳಿದದ್ದನ್ನು ಮಾತ್ರ ತಮ್ಮದೆಂದು ಎಣಿಸಿದರು. ಮಿಕ್ಕ ಹಣ ಕೈಗೆ ಬರುವವರೆಗೆ ಹೊಸ ವ್ಯವಹಾರವೇನನ್ನೂ ಮಾಡಲಿಲ್ಲ. ಬಂದ ದಿನ ಅದನ್ನು ಲಕೋಟೆಯಲ್ಲಿ ಹಾಕಿ, ಎರಡೂ ಕೈಯಿಂದ ನನ್ನ ಮಣೆಯ ಮೇಲಿಟ್ಟು, ಕಾಲು ಮುಟ್ಟಿ ನಮಸ್ಕರಿಸಿದರು.

"ಈ ಲಾಭ ನಿಮ್ದ್ರಿ. ಆ ಹೊತ್ತಿಗೆ ನಾ ಹೊರಗ ಹೋಗಿದ್ನಿ."

ಕಾಲು ಮುಟ್ಟಿ ಶಿಕ್ಷೆ ಕೊಟ್ಟವರನ್ನು ನನ್ನ ಜೀವಮಾನದಲ್ಲಿ ಇನ್ನೊಬ್ಬರನ್ನು ಕಾಣೆ. ಎದ್ದು ನಿಂತು, ಸಾಕ್ಷಿಯಾಗಿ ನಿಂತವರು ನೀವು, ಭಾವನವರ ಮುಂದೆ ನೀವೇ ಬಂದು ಹೇಳಬೇಕು ಎಂದರು. ಅದೇ ದಿನ ಇಳಿಹೊತ್ತಿನ ಬಸ್ಸಿಗೆ ನಾವಿಬ್ಬರೂ ಬೋರಗಾಂವಕ್ಕೆ ಹೋದೆವು. ಲಕೋಟೆ ನನ್ನ ಅಂಗಿಯ ಜೇಬಿನಲ್ಲಿ ಕೆಂಡದಂತಿತ್ತು.

ಭಾವನವರ ಮನೆಯ ಅಂಗಳದಲ್ಲಿ ನಿಂತು, ನಡೆದುದನ್ನು ನಡೆದಂತೆ ಹೇಳಿದೆ. ಅಂಗಳದ ಆಚೆ ಅವರ ಹನ್ನೆರಡು ಮಗ್ಗಗಳು ಹೊಡೆದುಕೊಳ್ಳುತ್ತಿದ್ದವು. ನನ್ನ ಅಪರಾಧವನ್ನು ದನಿಯೆತ್ತಿ ಎರಡು ಸಲ ಹೇಳಬೇಕಾಯಿತು. ಭಾವನವರಿಗೆ ಬಸದಿಯ ಜಗಲಿಯ ಮೇಲಿನ ಮಾತು ನೆನಪಾಯಿತು.

"ಮಾತಂದ್ರ ಮಾತು. ಬಾಗಿಲಾ ತಗದೈತಿ. ಯಾರ ತಗದ್ರ ನನಗೇನ? ಮಗ್ಗಾ ನಾಕೂ ನನ್ನವು."

ಕಾಕೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅಂಗಳ ದಾಟಿ ಅವರ ಶೆಡ್ಡಿನೊಳಗೆ ಹೋದರು. ನಾವು ಹಿಂದೆ ಹೋದೆವು. ಮಗ್ಗದಿಂದ ಮಗ್ಗಕ್ಕೆ ನಡೆದು ಅವರು ಬೆರಳು ತೋರಿಸುತ್ತ ಹೋದರು, ಹನ್ನೆರಡರಲ್ಲಿ ಹನ್ನೆರಡೂ ಫೋರ್ಕುಗಳನ್ನು ಬಿಳಿ ನೂಲಿನಿಂದ ಕಟ್ಟಲಾಗಿತ್ತು. ಏಳನೆಯ ಮಗ್ಗದ ಮುಂದೆ ನಿಂತರು. ಅದರ ಅಡ್ಡನೂಲು ಎಂದೋ ಕಡಿದಿತ್ತು. ಲಾಳಿ ಬರಿದಾಗಿಯೇ ಅತ್ತಿತ್ತ ಓಡುತ್ತಿತ್ತು. ಉರುಳೆ ತಿರುಗುತ್ತಿತ್ತು, ಸದ್ದು ಭರ್ತಿಯಾಗಿತ್ತು, ಮೊಳದುದ್ದ ಬರಿಯ ಹಾಸುನೂಲು ಬಟ್ಟೆಯೆಂಬ ಭ್ರಮೆಯಲ್ಲಿ ಸುತ್ತಿಕೊಂಡಿತ್ತು. ಭಾವನವರೇ ಓಡಿಹೋಗಿ ಹಿಡಿಕೆ ಎಳೆದು ಮಗ್ಗ ನಿಲ್ಲಿಸಿದರು.

"ಇವನ್ನ ಕಟ್ಟಿದಾವ್ರು ಯಾರ್ರಿ ಭಾವನವರ?" ಎಂದು ಕಾಕೂ ಕೇಳಿದರು.

"ಕೆಲಸದಾವ್ರು ಕಟ್ಟಿರ್ತಾರ. ಮೀಟರಿನ ಆಸೇಕ."

"ಹಂಗಾರ ಮಗ್ಗಾ ಹೋಗೂದು ಯಾರದು? ಕಟ್ಟಿದ್ದು ಗೊತ್ತಿಲ್ಲದಾಕೀದೋ, ಗೊತ್ತಿದ್ದೂ ಬಿಟ್ಟಾವಂದೋ? ನನ್ನ ಬಾಗಿಲಾ ಕಟ್ಟಿದ್ದು ತಿಳದ ಗಳಗೀಗೇ ನಾ ದಾರಾ ಕಡದೇನಿ. ಬಂದ ಲಾಭಾನೂ ಕಡದೇನಿ. ನಿಮಗ ತಿಳದು ಎಷ್ಟ ವರ್ಷ ಆತು?"

ಕೆಲಸದವರೆಲ್ಲ ಕೈ ಬಿಟ್ಟು ನಿಂತಿದ್ದರು. ಭಾವನವರು ಏಳನೆಯ ಮಗ್ಗದ ಆ ಬರಿಯ ಹಾಸನ್ನು ಅಂಗೈಯಲ್ಲಿ ಹಿಡಿದು ನೋಡುತ್ತಲೇ ಇದ್ದರು. ಕೊನೆಗೆ ನನ್ನತ್ತ ತಿರುಗಿ, ಸಾಕ್ಷಿಗಳು ಏನನ್ನುತ್ತೀರಿ ಎಂದರು. ತಪ್ಪು ಮಾಡಿದ ಸಾಕ್ಷಿಗೆ ತೀರ್ಪು ಹೇಳುವ ಅಧಿಕಾರವಿಲ್ಲ ಎಂದೆ. ಆದರೆ ಶಾಸ್ತ್ರದಲ್ಲಿ ನಿಯಮ ಮುರಿಯುವುದು ಮನಸ್ಸು ಹೌದೆಂದಾಗ, ಈಕೆಯ ಮನಸ್ಸು ಹೌದೆನ್ನಲಿಲ್ಲ ಎಂಬುದಕ್ಕೆ ಲಕೋಟೆ ನನ್ನ ಜೇಬಿನಲ್ಲಿದೆ ಎಂದು ತೋರಿಸಿದೆ. ಭಾವನವರು ಒಪ್ಪಿದೆನೆಂದು ಹೇಳಲಿಲ್ಲ. ಹೋಗಲಿ ಎಂದೂ ಹೇಳಲಿಲ್ಲ. ಮಗ್ಗಗಳನ್ನು ಕೇಳಲು ಮಾತ್ರ ಅವರು ಮತ್ತೆಂದೂ ಬರಲಿಲ್ಲ.

ಲಕೋಟೆಯನ್ನು ನಾನು ಇಟ್ಟುಕೊಳ್ಳುವಂತಿರಲಿಲ್ಲ. ಮಾಮಾನಿಗೆ ಕೊಡಹೋದರೆ, ಗುರುಗಳ, ನನ್ನ ಪಾಲಿನ ಪಾಪಾನಽ ನನಗ ಸಾಕು ಎಂದು ಕೈ ಹಿಂದೆಗೆದರು. ವಾರದ ಮೇಲೆ ಇಚಲಕರಂಜಿಗೆ ಹೋಗಿ, ಆ ಹಣದಲ್ಲಿ ಹನ್ನೆರಡು ಹೊಸ ಫೋರ್ಕುಗಳನ್ನು ಕೊಂಡುತಂದು, ಭಾವನವರ ಹೊಸ್ತಿಲಲ್ಲಿಟ್ಟು ಕೈಮುಗಿದು ಬಂದೆ. ಅದು ನನಗೆ ನಾನೇ ವಿಧಿಸಿಕೊಂಡ ಪ್ರಾಯಶ್ಚಿತ್ತ. ಒಳಗೆ ಕರೆಯಲಿಲ್ಲ. ಮುಂದಿನ ರವಿವಾರ ಹೋದಾಗ ಹೊಸ್ತಿಲಲ್ಲಿ ಆ ಪೊಟ್ಟಣವಿರಲಿಲ್ಲ.

ಮುಂದಿನ ದಶಕದಲ್ಲಿ ಎಲ್ಲವೂ ಮೊಬೈಲಿಗೆ ಬಂತು. ನಮ್ಮ ಮುಂಗೋಣೆಯ ಕಚೇರಿ ಮುಚ್ಚಿತು. ಕಾಕೂ ಶೆಡ್ಡಿನಲ್ಲೇ ನಿಂತು ನೂಲು ಸುತ್ತಿದ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಬಾಗಿಲು ಬರೆಯತೊಡಗಿದರು. ಈಗ ಮೇಲೊಂದು ಕೆಳಗೊಂದು ಎರಡು ಬಾಗಿಲು: ಲಾಭ ಇಷ್ಟಾದರೂ ಮಾರು, ನಷ್ಟ ಇಷ್ಟಾದರೂ ಮಾರು. ಅವರೂ ತಪ್ಪಿದ್ದುಂಟು. ಒಮ್ಮೆ ಮೇಲಿನ ಬಾಗಿಲಿನಿಂದ ಲಾಭವಾಗಿ ಹೊರಬಂದರು. ಕೆಳಗಿನ ಆಜ್ಞೆಯನ್ನು ಅಳಿಸುವುದನ್ನು ಮರೆತರು. ಬೆಲೆ ಇಳಿದಾಗ ಆ ಅನಾಥ ಆಜ್ಞೆ ತಾನೇ ಎದ್ದು, ಕೈಯಲ್ಲಿಲ್ಲದ್ದನ್ನು ಮಾರಿಬಿಟ್ಟಿತು. ಅದನ್ನು ತೀರಿಸುವಷ್ಟರಲ್ಲಿ ಬಂದ ಲಾಭವೂ ಹೋಯಿತು. ಆ ದಿನ ಪ್ರಾಯಶ್ಚಿತ್ತವೆಂದು ಉಪ್ಪಿಲ್ಲದೆ ಉಂಡರು. ರವಿವಾರ ಬಸದಿಯಲ್ಲಿ ನನಗೆ ಹೇಳಿದರು: ಮನೆ ಬಿಟ್ಟು ಹೋಗುವಾಗ ಒಂದು ಬಾಗಿಲಿನಿಂದ ಹೋದರೆ ಆಗಲಿಲ್ಲ, ಇನ್ನೊಂದನ್ನು ಹಾಕಿ ಹೋಗಬೇಕು. ಕೆಲವು ಕಾಲದ ಮೇಲೆ, ಒಂದು ತೆರೆದರೆ ಇನ್ನೊಂದು ತಾನೇ ಅಳಿಯುವ ಸೌಕರ್ಯ ಬಂದಾಗ ಅವರು ಎಳೆಯ ಹುಡುಗಿಯಂತೆ ಸಂತೋಷಪಟ್ಟರು. ಯಾರಿಗೋ ಫೋರ್ಕಿನ ಬುದ್ಧಿ ಬಂತೆಂದು ನಕ್ಕರು.

ಶ್ರೀಮಂತರಾದರೇ ಎಂದು ಕೇಳುವವರಿದ್ದಾರೆ. ಇಲ್ಲ. ನಾಲ್ಕು ಮಗ್ಗಗಳು ಐದಾದವು, ಅಷ್ಟೇ. ಐದನೆಯದನ್ನು ತಂದ ದಿನ ಅದನ್ನು, ಗಂಡ ಮಾರಿದ ಮಗ್ಗ ನಿಂತಿದ್ದ ಜಾಗದಲ್ಲಿಯೇ ನಿಲ್ಲಿಸಿದರು. ಆರನೆಯದರ ಜಾಗ ಖಾಲಿಯೇ ಉಳಿಯಿತು. ಅದು ಅವರ ಲೆಕ್ಕದಲ್ಲಿ ಸೋಲಾಗಿರಲಿಲ್ಲ. ಜೂಜೆಂದು ಬೈಯುವವರಿಗೆ ನಾನು ಹೇಳುವುದು ಇಷ್ಟು: ಎಲ್ಲಿ ನಿಲ್ಲಬೇಕೆಂದು ಮೊದಲೇ ಬರೆದು, ಬರೆದುದಕ್ಕೆ ತಪ್ಪದೆ ನಡೆದವರನ್ನು ಜೂಜುಕೋರರೆನ್ನುವುದಾದರೆ, ವ್ರತ ಹಿಡಿದು ಗುಟ್ಟಿನಲ್ಲಿ ಸಡಿಲಿಸುವ ನಮ್ಮನ್ನು ಏನೆನ್ನಬೇಕು?

ಕೊನೆಯ ಬೇಸಿಗೆಯಲ್ಲಿ ಅವರನ್ನು ನೋಡಲು ಹೋಗಿದ್ದೆ. ಹಾಸಿಗೆ ಹಿಡಿದಿದ್ದರು. ಬಾಜಾರಿನಲ್ಲಿ ಏನಾದರೂ ಉಳಿದಿದೆಯೇ, ಮಾಮಾನಿಗೆ ಹೇಳಿ ತೆಗೆಸಬೇಕೇ ಎಂದು ಕೇಳಿದೆ. ಹೆಬ್ಬೆರಳನ್ನು ತೋರುಬೆರಳಿಗೆ ತಿಕ್ಕಿ ನಕ್ಕರು. ತೆಗೆಸುವುದನ್ನು ನೀವು ಇನ್ನೂ ಬಿಟ್ಟಿಲ್ಲವೇ ಎಂದರು. ಆಮೇಲೆ, "ಒಳಗ ಏನೂ ಇಲ್ರಿ ಗುರುಗಳ. ಎರಡೂ ಬಾಗಿಲಾ ಹಾಕೇನಿ" ಎಂದರು.

ಶೋಕಸಭೆಯಲ್ಲಿ ಐದನೆಯವರಾಗಿ ಮಾತನಾಡಿದವರು ಭಾವನವರು. ಅವರೂ ಬಾಜಾರಿನ ಮಾತೆತ್ತಲಿಲ್ಲ. ನಾನು ಸಿಟ್ಟಿನಿಂದಲೇ ಎದ್ದು ಬಸ್ಸಿನ ಕಡೆಗೆ ಹೊರಟೆ. ದಾರಿ ಅವರ ಶೆಡ್ಡಿನ ಪಕ್ಕದಲ್ಲೇ ಹಾಯುತ್ತದೆ. ಹನ್ನೆರಡು ಮಗ್ಗಗಳ ಸದ್ದು ಗೋಡೆಯನ್ನು ನಡುಗಿಸುತ್ತಿತ್ತು. ನಡುವೆ ಒಂದು ಮಗ್ಗ ಥಟ್ಟನೆ ನಿಂತಿತು. ಯಾರೋ ಕಡಿದ ನೂಲನ್ನು ಗಂಟಿಕ್ಕುವಷ್ಟು ಹೊತ್ತು, ಹನ್ನೊಂದರ ನಡುವೆ ಆ ಒಂದು ಮೌನ ಕೇಳಿಸುತ್ತಲೇ ಇತ್ತು. ಆಮೇಲೆ ಅದು ಮತ್ತೆ ಶುರುವಾಯಿತು. ಸ್ವಲ್ಪ ಮುಂದೆ ಹೋದಾಗ ಇನ್ನೊಂದು ನಿಂತಿತು. ನಾನು ಬಸ್ಸು ತಪ್ಪಿಸಿಕೊಂಡು ಅಲ್ಲಿಯೇ ನಿಂತು ಕೇಳಿದೆ. ಐವರು ಹೇಳದೆ ಬಿಟ್ಟುದನ್ನು ಆ ಶೆಡ್ಡು ಹೇಳುತ್ತಿತ್ತು.

ಭಾವನವರ ಮನೆ ತಣ್ಣಗಿರಲಿ, ಅವರ ಫೋರ್ಕುಗಳು ಎಂದೂ ಹಗುರವಾಗಿ ಬೀಳಲಿ. ಎರಡು ಗುಂಡಿ ಒತ್ತಿ ಅದರ ಭಾರವನ್ನು ಇಂದಿಗೂ ಹೊತ್ತಿರುವ ಮಾಮಾನಿಗೆ ನಿರಾಳ ನಿದ್ದೆ ಬರಲಿ. ಕುರ್ಚಿ ಬಿಡದೆ ನಕ್ಕ ಗೆಳೆಯರಿಗೆ, ನಗುತ್ತಲೇ ಹೊರಬರುವ ದಾರಿ ಸಿಗಲಿ. ಕಡಿದ ನೂಲಿಗೆ ಗಂಟಿಕ್ಕುವ ಎಲ್ಲ ಕೈಗಳಿಗೂ ಮೀಟರಿನ ಪಗಾರ ಕಡಿಮೆಯಾಗದಿರಲಿ. ಇದನ್ನು ಓದಿದವರಿಗೆ ಮಂಗಳವಾಗಲಿ. ಮಾಡಿಸಿದವನಾದ ನನಗೆ, ನನ್ನ ಬಾಗಿಲು ತೆರೆಯುವ ದಿನ, ಅದನ್ನು ಕಟ್ಟಬೇಡಿರೆಂದು ಹೇಳುವ ಧೈರ್ಯ ಬರಲಿ. ಬೋರಗಾಂವದ ಆ ಒಡತಿಗೆ ನಾನು ಏನನ್ನೂ ಹರಸಲಾರೆ. ನಮ್ಮ ಹರಕೆ ಮುಟ್ಟುವ ಹೊತ್ತಿಗೆ ಅವರು ಹೊರಗೆ ಹೋಗಿದ್ದಾರೆ.